ಕಂಪ್ಯೂಟರ್ ನಿಂತು ನಿಂತು ಓಡುತ್ತಿದೆಯೇ? ಫಾರ್ಮ್ಯಾಟ್ ಮಾತು ಕೊನೆಗಿರಲಿ

ಟೈಪ್ ಮಾಡಿದ ಅಕ್ಷರ ಮೂಡದು, ಮೌಸ್ ಕದಲದು. ಹತ್ತು ಸೆಕೆಂಡ್ ಕಳೆದ ಮೇಲೆ ಅಷ್ಟೂ ಅಕ್ಷರಗಳು ಒಮ್ಮೆಲೇ ಬಂದು ಬೀಳುತ್ತವೆ. ‘ಸಿಸ್ಟಮ್ ಹ್ಯಾಂಗ್ ಆಗ್ಲಾಕತ್ತದ’ ಎಂದು ಅಂಗಡಿಗೆ ಒಯ್ದರೆ ಬಹಳ ಸಲ ಸಿಗುವ ಉತ್ತರ, ‘ಫಾರ್ಮ್ಯಾಟ್ ಹೊಡೀಬೇಕ್ರಿ’, ಅಂದರೆ ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಬೇಕು. ಹೊಡೆಸಿದ ಮೇಲೆ ನಾಲ್ಕು ದಿನ ಚೆನ್ನಾಗಿರುತ್ತದೆ, ಐದನೇ ದಿನ ಮತ್ತೆ ಅದೇ ಹಾಡು. ಕೆಡುತ್ತಿರುವ ಡಿಸ್ಕ್, ಸಡಿಲಾದ ಕೇಬಲ್, ಧೂಳು ಮೆತ್ತಿದ ಫ್ಯಾನ್ ಫಾರ್ಮ್ಯಾಟ್‌ನಿಂದ ಸರಿಹೋಗುವಂಥವಲ್ಲ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು, ಕಪ್ಪು ಮಣ್ಣಿನ ನುಣ್ಣನೆಯ ಧೂಳು, ಏರಿಳಿಯುವ ಕರೆಂಟ್ ಇರುವ ಕಲಬುರಗಿ, ಬೀದರ್, ಯಾದಗಿರಿಯ ಮನೆಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇವನ್ನೇ.

ನಿಂತಾಗ ಏನೇನು ನಿಂತಿದೆ?

ಸಿಟ್ಟಿನಲ್ಲಿ ಪವರ್ ಬಟನ್ ಒತ್ತಬೇಡಿ. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ, ಅದರ ದೀಪ ನೋಡಿ. ಮೌಸ್ ಓಡಾಡುತ್ತಿದ್ದು, ದೀಪ ಹತ್ತಿ ಆರಿ, ಕ್ಯಾಬಿನೆಟ್ಟಿನ ಡಿಸ್ಕ್ ದೀಪ ಮಾತ್ರ ಬಿಡದೆ ಉರಿಯುತ್ತಿದ್ದರೆ ಡಿಸ್ಕ್ ಅಥವಾ ರ‍್ಯಾಮ್ ಕುರಿತ ಕೆಳಗಿನ ಭಾಗಕ್ಕೆ ಹೋಗಿ. ಎಲ್ಲವೂ ಸ್ತಬ್ಧವಾಗಿ, ಹಾಡು ಒಂದೇ ಅಕ್ಷರದಲ್ಲಿ ‘ಟರ್ರ್’ ಎಂದು ಸಿಕ್ಕಿಕೊಂಡರೆ ರ‍್ಯಾಮ್, ಕಾವು, ಕರೆಂಟ್ ಅಥವಾ ಗ್ರಾಫಿಕ್ಸ್ ಡ್ರೈವರ್ (ಪರದೆಯ ಚಿತ್ರ ಮೂಡಿಸುವ ತಂತ್ರಾಂಶ). ಹಾಡು ನಡೆಯುತ್ತಿದ್ದು ಪರದೆ ಮಾತ್ರ ನಿಂತಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ‘ಬಿ’ ಕೀಗಳನ್ನು ಒಟ್ಟಿಗೆ ಒತ್ತಿ. ಪರದೆ ಮಿಟುಕಿ ಚೇತರಿಸಿಕೊಂಡರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಹಾಕಬೇಕು. ಮೌಸ್ ಒಂದೇ ನಿಲ್ಲುತ್ತಿದ್ದರೆ ಇಷ್ಟೆಲ್ಲ ಬೇಡ: ವೈರ್‌ಲೆಸ್ ಮೌಸಿನ ರಿಸೀವರನ್ನು ಹಿಂಬದಿಯಿಂದ ಕಿತ್ತು ಮುಂದಿನ ಪೋರ್ಟಿಗೆ ಹಾಕಿ. ಪಕ್ಕದಲ್ಲಿ ಯುಎಸ್‌ಬಿ 3.0 ಪೆನ್‌ಡ್ರೈವ್ ಇದ್ದರೆ ಅದರ ಗದ್ದಲವೇ ಸಿಗ್ನಲ್ ಕೆಡಿಸುತ್ತದೆ.

ಎರಡು ದಿನ ಒಂದು ಚೀಟಿಯಲ್ಲಿ ಬರೆದಿಡಿ: ಎಷ್ಟು ಗಂಟೆಗೆ, ಏನು ಮಾಡುವಾಗ, ಎಷ್ಟು ಸೆಕೆಂಡ್. ಅರ್ಧ ರೋಗ ಆ ಚೀಟಿಯಲ್ಲೇ ಸಿಗುತ್ತದೆ. ಡಿ ಡ್ರೈವ್ ತೆರೆದಾಗ ಮಾತ್ರ ಐದಾರು ಸೆಕೆಂಡ್ ನಿಲ್ಲುತ್ತಿದ್ದು, ಅದು ಬೇರೆಯೇ ಹಾರ್ಡ್ ಡಿಸ್ಕ್ ಆಗಿದ್ದರೆ, ಡಿಸ್ಕ್ ನಿದ್ದೆಗೆ ಹೋಗಿ ಮತ್ತೆ ತಿರುಗಲು ತೆಗೆದುಕೊಳ್ಳುವ ಹೊತ್ತು ಅದು. ಪವರ್ ಆಪ್ಷನ್ಸ್‌ನಲ್ಲಿ ಹಾರ್ಡ್ ಡಿಸ್ಕ್ ಆಫ್ ಆಗುವ ಸಮಯ ಸಾಮಾನ್ಯವಾಗಿ 20 ನಿಮಿಷ ಇರುತ್ತದೆ, ಸೊನ್ನೆ ಮಾಡಿ. ಕೆಲಸ ಮುಗಿಯಿತು.

ಬೇರೆ ಏನೇ ಮಾಡುವ ಮುನ್ನ

ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿ. ಗಂಜ್‌ನ ಅಡತ ವ್ಯವಹಾರದ ಟ್ಯಾಲಿ ಲೆಕ್ಕವಿದ್ದರೆ ಅದು ಮೊದಲು, ಮಕ್ಕಳ ಫೋಟೊ ಆಮೇಲೆ. ಹಳೆಯ ನುಡಿ ಅಥವಾ ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ದಾಖಲೆಗಳಿದ್ದರೆ ಆ ಫಾಂಟ್‌ಗಳನ್ನೂ ಎತ್ತಿಡಿ. ಅವಿಲ್ಲದೆ ಕಡತ ತೆರೆದರೆ ಕಾಣುವುದು ಬರೀ ಚಿಹ್ನೆಗಳ ಕಲಸುಮೇಲೋಗರ.

ಡಿಸ್ಕ್: ಮೊದಲ ಶಂಕಿತ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ಆರಿಸಿ. ಆ್ಯಕ್ಟಿವ್ ಟೈಮ್ 100 ಪ್ರತಿಶತ ಇದ್ದೂ ಓದುವ–ಬರೆಯುವ ವೇಗ ಒಂದೆರಡು ಎಂಬಿ ದಾಟದಿದ್ದರೆ ಡಿಸ್ಕ್ ಏದುಸಿರು ಬಿಡುತ್ತಿದೆ ಎಂದರ್ಥ. ಆವರೇಜ್ ರೆಸ್ಪಾನ್ಸ್ ಟೈಮ್ ಕೂಡ ನೋಡಿ. ಆರೋಗ್ಯವಾಗಿರುವ ಹಾರ್ಡ್ ಡಿಸ್ಕಿನಲ್ಲಿ ಅದು ಹತ್ತಿಪ್ಪತ್ತು ಮಿಲಿಸೆಕೆಂಡ್ ಆಸುಪಾಸು. ಸಾವಿರ ದಾಟಿ ಕುಣಿಯುತ್ತಿದ್ದರೆ ಹುಷಾರು. ಕೆಟ್ಟ ಸೆಕ್ಟರ್ (ಡಿಸ್ಕಿನ ಹಾಳಾದ ತುಣುಕು) ಎದುರಾದಾಗ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದಲು ಹೆಣಗುತ್ತದೆ, ವಿಂಡೋಸ್ ಉತ್ತರಕ್ಕಾಗಿ ಕಾಯುತ್ತ ಕೂರುತ್ತದೆ. ನಿಮಗೆ ಕಾಣುವ ‘ಹ್ಯಾಂಗ್’ ಆ ಕಾಯುವಿಕೆಯೇ.

ಸಾಕ್ಷಿ ಬೇಕೆಂದರೆ ಸ್ಟಾರ್ಟ್ ಮೆನುವಿನಲ್ಲಿ ಇವೆಂಟ್ ವ್ಯೂವರ್ ಹುಡುಕಿ, ವಿಂಡೋಸ್ ಲಾಗ್ಸ್ ಒಳಗಿನ ಸಿಸ್ಟಮ್ ತೆರೆಯಿರಿ. ಚೀಟಿಯಲ್ಲಿರುವ ಸಮಯಕ್ಕೆ ಹೊಂದುವ ಸಾಲುಗಳಲ್ಲಿ 7, 51, 129, 153 ಎಂಬ ಇವೆಂಟ್ ಸಂಖ್ಯೆಗಳಿವೆಯೇ ನೋಡಿ. 7 ಎಂದರೆ ಕೆಟ್ಟ ಬ್ಲಾಕ್. 129 ಎಂದರೆ ಡ್ರೈವ್ ಓಗೊಡದೆ ವಿಂಡೋಸ್ ಅದನ್ನು ರೀಸೆಟ್ ಮಾಡಿದೆ. 51, 153 ಕೂಡ ಡಿಸ್ಕಿನ ಓದು–ಬರಹ ತಡವರಿಸಿದ ಗುರುತು. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ಸಾಧನ ಹಾಕಿ 05, ಸಿ5, ಸಿ6, ಸಿ7 ಸಾಲುಗಳನ್ನು ಓದಿ. ಮೊದಲ ಮೂರು ಕೆಟ್ಟ ಸೆಕ್ಟರ್‌ಗಳ ಎಣಿಕೆ, ಸಿ7 ಕೇಬಲಿನಲ್ಲಿ ಮಾಹಿತಿ ಕೆಟ್ಟ ಸಲಗಳ ಎಣಿಕೆ. ಹಾರ್ಡ್ ಡಿಸ್ಕಿನ ಸಿ5 ಅಥವಾ ಸಿ6ರ ರಾ ವ್ಯಾಲ್ಯೂ ಸೊನ್ನೆಯಲ್ಲದಿದ್ದರೆ, ಇಲ್ಲವೇ 05 ದಿನೇ ದಿನೇ ಏರುತ್ತಿದ್ದರೆ ಆ ಡಿಸ್ಕಿನ ಮೇಲೆ ಭರವಸೆ ಇಡಬೇಡಿ. ರಿಪೇರಿ ಮಾಡುತ್ತೇನೆಂದು ಚೆಕ್‌ಡಿಸ್ಕ್ ಓಡಿಸುವುದೂ ಬೇಡ. ಇಡೀ ಡಿಸ್ಕನ್ನು ತಡಕಾಡುವ ಆ ಕೆಲಸದಲ್ಲೇ ಅದು ಪ್ರಾಣ ಬಿಡಬಹುದು.

ಸಿ7 ಮಾತ್ರ ಏರುತ್ತಿದ್ದರೆ ಸುದ್ದಿ ಒಳ್ಳೆಯದು. ದೋಷ ಬಹುತೇಕ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲಿನಲ್ಲಿದೆ. ಬೇರೆ ಕೇಬಲ್ ಹಾಕಿ, ಮದರ್‌ಬೋರ್ಡಿನ ಬೇರೆ ಪೋರ್ಟಿಗೆ ಚುಚ್ಚಿ. ಹಳೆಯ ಎಣಿಕೆ ಅಳಿಯುವುದಿಲ್ಲ, ಅದಕ್ಕೆ ಗಾಬರಿ ಬೇಡ. ಮುಂದೆ ಏರದಿದ್ದರೆ ಸಾಕು.

ಡಿಸ್ಕ್ ಗಟ್ಟಿಯಿದ್ದೂ ನಿಧಾನವೇ? ಹಾರ್ಡ್ ಡಿಸ್ಕಿನಿಂದ ವಿಂಡೋಸ್ ಓಡಿಸುವ ಕಾಲ ಮುಗಿಯಿತು. ಅದನ್ನು ಡಿ ಡ್ರೈವ್ ಆಗಿ ಇಟ್ಟುಕೊಂಡು ಸಿ ಡ್ರೈವಿಗೆ, ಚಿಪ್‌ಗಳಲ್ಲಿ ಸಂಗ್ರಹಿಸುವ ವೇಗದ 256 ಜಿಬಿ ಎಸ್‌ಎಸ್‌ಡಿ ಹಾಕಿಸಿ. ಎಸ್‌ಎಸ್‌ಡಿ ಈಗಾಗಲೇ ಇದ್ದರೆ 15–20 ಪ್ರತಿಶತ ಜಾಗ ಖಾಲಿ ಬಿಡಿ. ಅಂಚಿನವರೆಗೆ ತುಂಬಿದರೆ ಅದೂ ಮುಗ್ಗರಿಸುತ್ತದೆ.

ಕಾವು ಮತ್ತು ಧೂಳು

ಚಳಿಗಾಲದಲ್ಲಿ ಸುಮ್ಮನಿದ್ದ ಯಂತ್ರ ಮಾರ್ಚ್ ಬಂದೊಡನೆ ತಡವರಿಸಿದರೆ, ತಾಪ ತೋರಿಸುವ ಉಚಿತ ಸಾಧನ ಎಚ್‌ಡಬ್ಲ್ಯೂಮಾನಿಟರ್‌ನಲ್ಲಿ ಪ್ರೊಸೆಸರ್ ತಾಪ ನೋಡಿ. ಕೋಣೆ 26 ಡಿಗ್ರಿಯಿಂದ 40ಕ್ಕೆ ಏರಿದರೆ ಪ್ರೊಸೆಸರ್ ಕೂಡ ಸುಮಾರು ಅಷ್ಟೇ ಏರುತ್ತದೆ, ಏಕೆಂದರೆ ಫ್ಯಾನ್ ಊದುವುದು ಕೋಣೆಯ ಗಾಳಿಯನ್ನೇ. 95–100 ಡಿಗ್ರಿ ಮುಟ್ಟಿದಾಗ ಬಹುತೇಕ ಪ್ರೊಸೆಸರ್‌ಗಳು ತಮ್ಮ ವೇಗ ತಾವೇ ಇಳಿಸಿಕೊಳ್ಳುತ್ತವೆ.

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ ಅಂಗಳಕ್ಕೆ ಒಯ್ಯಿರಿ. ಫ್ಯಾನಿನ ರೆಕ್ಕೆ ತಿರುಗದಂತೆ ಪೆನ್ಸಿಲ್ ಅಡ್ಡ ಹಿಡಿದು ಬ್ಲೋವರ್ ಬಿಡಿ. ರೆಕ್ಕೆ ಜೋರಾಗಿ ತಿರುಗಿದರೆ ಬೇರಿಂಗ್ ಹಾಳು. ಫ್ಯಾನಿಗೂ ಪ್ರೊಸೆಸರ್ ಕಾವು ಹೀರುವ ಲೋಹದ ಹೀಟ್‌ಸಿಂಕ್‌ಗೂ ನಡುವೆ ಕಂಬಳಿಯಂತೆ ಕೂತ ಧೂಳು ಹೊರಬಂದರೆ ಅರ್ಧ ಕೆಲಸವಾದಂತೆ. ಬಾಯಿಂದ ಊದಬೇಡಿ, ಎಂಜಲು ಸಿಡಿಯುತ್ತದೆ. ಹೀಟ್‌ಸಿಂಕ್ ತೆಗೆದರೆ ಪ್ರೊಸೆಸರ್ ಮೇಲೆ ಒಣಗಿದ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಪ್ರೊಸೆಸರಿನ ನಡುಭಾಗದಲ್ಲಿ ತೊಗರಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು ನೇರವಾಗಿ ಕೂರಿಸಿ. ಬೆರಳಲ್ಲಿ ಹರಡುವುದು ಬೇಡ, ಹೀಟ್‌ಸಿಂಕಿನ ಒತ್ತಡವೇ ಹರಡುತ್ತದೆ.

ಇನ್ನೊಂದು ನಮ್ಮ ಕಡೆಯ ಅಭ್ಯಾಸ: ಕಂಪ್ಯೂಟರಿಗೂ ತಂಪಾಗಲೆಂದು ಕೂಲರ್ ಎದುರಿಗೆ ಇಡುವುದು. ಹಸಿ ಗಾಳಿ ಧೂಳಿಗೆ ತಾಗಿದರೆ ಕೆಸರಾಗಿ ಮೆತ್ತಿಕೊಳ್ಳುತ್ತದೆ, ಆಮೇಲೆ ಬ್ಲೋವರಿಗೂ ಬಗ್ಗದು. ಫ್ಯಾನ್ ಗಾಳಿ ಸಾಕು.

ರ‍್ಯಾಮ್

4 ಜಿಬಿ ಇದ್ದರೆ ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದಾಗ ಮುಗಿಯಿತು. ಉಳಿದದ್ದನ್ನು ವಿಂಡೋಸ್ ಡಿಸ್ಕಿಗೆ ತಳ್ಳುತ್ತದೆ, ಅಲ್ಲಿ ಮತ್ತೆ ತಡ. 8 ಜಿಬಿ ಮಾಡಿಸಿ. ಸಾಕಷ್ಟಿದ್ದೂ ನಿಲ್ಲುತ್ತಿದ್ದರೆ ರ‍್ಯಾಮ್ ಪಟ್ಟಿ ಹೊರತೆಗೆದು ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಕೊಡವಿ, ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿ. ರಾತ್ರಿ ವಿಂಡೋಸ್ ಮೆಮೊರಿ ಡಯಾಗ್ನೊಸ್ಟಿಕ್ ಓಡಿಸಿ. ಒಂದೇ ತಪ್ಪು ಕಂಡರೂ ಒಂದೊಂದೇ ಪಟ್ಟಿ ಹಾಕಿ ಪರೀಕ್ಷಿಸಿ, ಕೆಟ್ಟದ್ದನ್ನು ಬದಲಿಸಿ.

ಕರೆಂಟ್

ಕೂಲರ್ ಅಥವಾ ಫ್ರಿಜ್ ಚಾಲೂ ಆದ ಗಳಿಗೆಯಲ್ಲೇ ಕಂಪ್ಯೂಟರ್ ನಿಲ್ಲುತ್ತದೆಯೇ? ಎರಡೂ ಒಂದೇ ಬೋರ್ಡಿನಲ್ಲಿದ್ದರೆ ಬೇರೆ ಮಾಡಿ. ಯುಪಿಎಸ್ ಇದ್ದೂ ನಿಲ್ಲುತ್ತಿದ್ದರೆ ಬ್ಯಾಟರಿ ಹಳತಾಗಿರಬಹುದು: 600 ವಿಎ ಯುಪಿಎಸ್‌ನೊಳಗಿನ 12 ವೋಲ್ಟ್, 7 ಎಎಚ್ ಬ್ಯಾಟರಿಯ ಆಯಸ್ಸು ಎರಡು–ಮೂರು ವರ್ಷ, ನಮ್ಮ ಬಿಸಿಲಿಗೆ ಅದಕ್ಕೂ ಕಡಿಮೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಅರ್ಥಿಂಗ್ ಇಲ್ಲವೆಂದೇ ತಿಳಿದು ಎಲೆಕ್ಟ್ರಿಷಿಯನ್ ಕರೆಸಿ. ನ್ಯೂಟ್ರಲ್–ಅರ್ಥ್ ನಡುವೆ ಎರಡು–ಮೂರು ವೋಲ್ಟ್‌ಗಿಂತ ಹೆಚ್ಚು ತೋರಿಸಬಾರದು. ಬೇಸಿಗೆಯಲ್ಲಿ ಎರೆಮಣ್ಣು ಒಣಗಿ ಬಿರುಕು ಬಿಟ್ಟಾಗ ಉಪ್ಪು–ಇದ್ದಿಲಿನ ಅರ್ಥಿಂಗ್ ಗುಂಡಿಗೆ ಆಗಾಗ ಎರಡು ಕೊಡ ನೀರು ಬೀಳಬೇಕು.

ಉಳಿದವು

ಎರಡು ಆ್ಯಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನು ಡಿಸೇಬಲ್ ಮಾಡಿ. ಎಎಂಡಿ ಕಂಪನಿಯ ರೈಜೆನ್ ಪ್ರೊಸೆಸರ್ ಇರುವ ಯಂತ್ರದಲ್ಲಿ ದಿನಕ್ಕೊಂದೆರಡು ಸಲ ಧ್ವನಿ ಒಡೆದು ಒಂದೆರಡು ಸೆಕೆಂಡ್ ನಿಲ್ಲುತ್ತಿದ್ದರೆ, ಅದು ಪ್ರೊಸೆಸರ್ ಒಳಗಿನ ಭದ್ರತಾ ವ್ಯವಸ್ಥೆಯಾದ ಎಫ್‌ಟಿಪಿಎಂ ತೊಂದರೆ ಇರಬಹುದು. ಎಎಂಡಿ 2022ರಲ್ಲಿ ಇದನ್ನು ಒಪ್ಪಿಕೊಂಡಿತು, ಹೊಸ ಬಯಾಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಹಾಕಿದರೆ ಹೋಗುತ್ತದೆ. ಬಯಾಸ್ ಹಾಕುವಾಗ ಕರೆಂಟ್ ಹೋದರೆ ಮದರ್‌ಬೋರ್ಡೇ ಏಳದಿರಬಹುದು. ಗಟ್ಟಿ ಯುಪಿಎಸ್ ಇಲ್ಲದೆ ಕೈ ಹಾಕಬೇಡಿ.

ಇಷ್ಟೂ ಸರಿಯಿದ್ದು ಇನ್ನೂ ನಿಲ್ಲುತ್ತಿದ್ದರೆ ಆಗ ಫಾರ್ಮ್ಯಾಟ್. ಚೀಟಿಯನ್ನೂ ಇವೆಂಟ್ ವ್ಯೂವರ್ ಸಂಖ್ಯೆಗಳನ್ನೂ ಅಂಗಡಿಯವರಿಗೆ ಕೊಡಿ. ಡಿಸ್ಕ್ ಬದಲಿಸಿದರೆ ಹಳೆಯದನ್ನು ಕೇಳಿ ಮನೆಗೆ ತನ್ನಿ. ನಿಮ್ಮ ಲೆಕ್ಕ, ಫೋಟೊ, ಪಾಸ್‌ವರ್ಡ್‌ಗಳೆಲ್ಲ ಇನ್ನೂ ಅದರೊಳಗೇ ಇರುತ್ತವೆ.