ಕೊರಳಲ್ಲಿ ಟೇಪು, ಸೊಂಟದಲ್ಲಿ ಸುಳ್ಳು

ದಾವಣಗೆರೆಯಲ್ಲಿ ಇಪ್ಪತ್ತೇಳು ವರ್ಷಗಳಿಂದ ಗಂಡಸರ ಪ್ಯಾಂಟು, ಶರ್ಟು ಹೊಲಿಯುತ್ತಿರುವ ನನಗೆ ಎದುರು ನಿಂತವರ ಸೊಂಟದ ಅಳತೆ ಕಣ್ಣಂದಾಜಿನಲ್ಲೇ ಸಿಗುತ್ತದೆ. ನನ್ನದನ್ನು ಮಾತ್ರ ನಲವತ್ತೊಂಬತ್ತನೆಯ ವಯಸ್ಸಿನವರೆಗೆ ಸರಿಯಾಗಿ ಅಳೆದುಕೊಂಡಿರಲಿಲ್ಲ. ನನ್ನ ಪ್ಯಾಂಟಿನ ಸೊಂಟ ಹತ್ತು ವರ್ಷಗಳಿಂದ 34 ಇಂಚಿನಲ್ಲೇ ನಿಂತಿದ್ದುದರಿಂದ ಹೊಟ್ಟೆಯೂ ಅಲ್ಲೇ ನಿಂತಿದೆ ಎಂದು ನಂಬಿದ್ದೆ. ಹೊಟ್ಟೆ ಮುಂದೆ ಬಂದಂತೆಲ್ಲ ಗಂಡಸರು ಪ್ಯಾಂಟನ್ನು ಅದರ ಕೆಳಗೆ ಇಳಿಸಿ ಕಟ್ಟಿಕೊಳ್ಳುತ್ತಾರೆ, ಆ ಕೆಳಭಾಗದ ಸುತ್ತಳತೆ ಅಷ್ಟಾಗಿ ಬದಲಾಗುವುದಿಲ್ಲ. ಗಿರಾಕಿಗಳಿಗಾಗಿ ಮುಂಭಾಗವನ್ನು ಅರ್ಧ ಇಂಚು ತಗ್ಗಿಸಿ ಕತ್ತರಿಸುತ್ತಿದ್ದ ನಾನೇ ಈ ಮೋಸಕ್ಕೆ ಒಳಗಾಗಿದ್ದೆ.

ಬಲಪಕ್ಕೆಯ ನೋವಿಗೆಂದು ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಯಕೃತ್ತಿನಲ್ಲಿ ಕೊಬ್ಬು ತುಂಬಿರುವುದು ಕಂಡುಬಂತು. ಕುಡಿತದ ಅಭ್ಯಾಸವಿಲ್ಲದ, 5 ಅಡಿ 6 ಇಂಚು ಎತ್ತರಕ್ಕೆ 68 ಕಿಲೋ ತೂಗುವ ನನಗೆ ಇದು ಹೇಗೆ ಬಂತೆಂದು ವೈದ್ಯರನ್ನು ಕೇಳಿದೆ. ಅಂಗಡಿಯಿಂದ ನೇರವಾಗಿ ಹೋಗಿದ್ದ ನನ್ನನ್ನು ನೋಡಿ ಅವರು ನಕ್ಕು, "ಟೇಪು ಕೊರಳಲ್ಲೇ ಇದೆಯಲ್ರೀ, ತೆಗೀರಿ" ಎಂದರು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯದಲ್ಲಿ, ಉಸಿರನ್ನು ಸಹಜವಾಗಿ ಹೊರಬಿಟ್ಟು, ಟೇಪು ಎಲ್ಲ ಕಡೆ ನೆಲಕ್ಕೆ ಸಮಾನಾಂತರವಾಗಿರುವಂತೆ ಹಿಡಿದಾಗ ಬಂದದ್ದು 38.5 ಇಂಚು, ಅಂದರೆ ಸುಮಾರು 98 ಸೆಂಟಿಮೀಟರ್. ದಕ್ಷಿಣ ಏಷ್ಯಾದ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಅಪಾಯದ ಸೂಚನೆಯೆಂದು ಪರಿಗಣಿಸುತ್ತಾರೆಂಬುದು ಅಂದು ತಿಳಿಯಿತು. ರಕ್ತಪರೀಕ್ಷೆಯಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಎಚ್‌ಬಿಎ1ಸಿ 6.1 ಇತ್ತು, 5.7ರಿಂದ 6.4ರವರೆಗಿನದು ಮಧುಮೇಹದ ಹೊಸ್ತಿಲು. ರಕ್ತದಲ್ಲಿನ ಒಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 150ರೊಳಗೆ ಇರಬೇಕಾದದ್ದು 228 ಇತ್ತು.

ವೈದ್ಯರು ವಿವರಿಸಿದ್ದನ್ನು ನಾನು ನನ್ನ ಕಸುಬಿನ ಭಾಷೆಯಲ್ಲಿ ಹೀಗೆ ಅರ್ಥಮಾಡಿಕೊಂಡೆ: ಕೈಯಲ್ಲಿ ಹಿಡಿಯಲು ಸಿಗುವ, ಚರ್ಮದ ಕೆಳಗಿನ ಕೊಬ್ಬು ಕೋಟಿನ ಮೇಲ್ಬಟ್ಟೆಯಿದ್ದಂತೆ; ಹೆಚ್ಚು ಕೆಡುಕು ಮಾಡುವುದು ಒಳಗಿನ ಲೈನಿಂಗ್‌ನಂತೆ ಕರುಳಿನ ಸುತ್ತ, ಅಂಗಾಂಗಗಳ ನಡುವೆ ಸೇರಿಕೊಳ್ಳುವ ಕೊಬ್ಬು. ಕರುಳಿನ ಸುತ್ತಲಿನ ರಕ್ತ ನೇರವಾಗಿ ಯಕೃತ್ತಿಗೆ ಹರಿಯುವುದರಿಂದ, ಅಲ್ಲಿನ ಕೊಬ್ಬು ಬಿಡುವ ಕೊಬ್ಬಿನಾಮ್ಲಗಳು ಮೊದಲು ಯಕೃತ್ತನ್ನೇ ಸೇರುತ್ತವೆ. ಯಕೃತ್ತು ಇನ್ಸುಲಿನ್ನಿನ ಮಾತು ಕೇಳದೆ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತ ಹೋಗುತ್ತದೆ. ಜೊತೆಗೆ ಈ ಕೊಬ್ಬು ಉರಿಯೂತ ಹೆಚ್ಚಿಸುವ ದ್ರವ್ಯಗಳನ್ನೂ ಸ್ರವಿಸುತ್ತದೆ. ಮಧುಮೇಹ, ರಕ್ತದೊತ್ತಡ, ಹೃದಯಾಘಾತಗಳ ನಂಟು ಇಲ್ಲಿಂದಲೇ ಬಿಗಿಯಾಗುತ್ತದೆ.

ತೂಕ ಹೆಚ್ಚಿಲ್ಲವಲ್ಲ ಎಂಬ ನನ್ನ ವಾದಕ್ಕೆ ಅವರು ಒಂದು ಭಾವಚಿತ್ರದ ಕಥೆ ಹೇಳಿದರು. ಪುಣೆಯ ವೈದ್ಯ ಚಿತ್ತರಂಜನ ಯಾಜ್ನಿಕ್ ಮತ್ತು ಇಂಗ್ಲೆಂಡಿನ ವೈದ್ಯ ಜಾನ್ ಯುಡ್ಕಿನ್ ಜೊತೆಯಾಗಿ ನಿಂತ ಆ ಚಿತ್ರ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3, ದೇಹದಲ್ಲಿನ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇಕಡಾ 9.1, ಯಾಜ್ನಿಕ್ ಅವರಲ್ಲಿ ಶೇಕಡಾ 21.2. ನನ್ನ ಸೂಚ್ಯಂಕ 24 ಇತ್ತು, ಮತ್ತು ಏಷ್ಯಾದವರಿಗೆ 23ರಿಂದಲೇ ಎಚ್ಚರಿಕೆ ಶುರುವಾಗುತ್ತದೆ.

ಮೊದಲ ಎರಡು ತಿಂಗಳನ್ನು ನಾನು ವ್ಯರ್ಥ ಮಾಡಿದೆನೆಂದು ಒಪ್ಪಿಕೊಳ್ಳಬೇಕು. ಬೆವರಿಳಿಸುವ ಬೆಲ್ಟೊಂದನ್ನು ಕೊಂಡು, ಅದನ್ನು ಕಟ್ಟಿಕೊಂಡು ಬೆಳಿಗ್ಗೆ ಮಲಗಿ ಏಳುವ ಹೊಟ್ಟೆಯ ವ್ಯಾಯಾಮವನ್ನಷ್ಟೇ ಮಾಡಿದೆ. ಟೇಪು ಕಾಲು ಇಂಚೂ ಸರಿಯಲಿಲ್ಲ. ಬೆಲ್ಟು ಇಳಿಸಿದ್ದು ನೀರನ್ನು. ಹೊಟ್ಟೆಯ ವ್ಯಾಯಾಮ ಸ್ನಾಯುವನ್ನು ಗಟ್ಟಿ ಮಾಡುತ್ತದೆಯೇ ಹೊರತು ಅಲ್ಲಿನ ಕೊಬ್ಬನ್ನೇ ಆರಿಸಿ ಕರಗಿಸುವುದಿಲ್ಲ. ಆ ಬೆಲ್ಟು ಈಗ ಅಂಗಡಿಯಲ್ಲಿ ಬಟ್ಟೆಯ ಗಂಟು ಕಟ್ಟಲು ಉಪಯೋಗವಾಗುತ್ತಿದೆ.

ಅನಂತರ ಊಟದ ಲೆಕ್ಕ ಬರೆದೆ. ದಿನಕ್ಕೆ ಆರು ಚಹಾ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ. ಸಂಜೆ ಐದಕ್ಕೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಅಂಗಡಿ ಮುಚ್ಚಿ ರಾತ್ರಿ ಹತ್ತಕ್ಕೆ ತಟ್ಟೆ ತುಂಬ ಅನ್ನ, ಹತ್ತೂವರೆಗೆ ನಿದ್ದೆ. ಚಹಾವನ್ನು ಎರಡಕ್ಕೆ ಇಳಿಸಿ ಸಕ್ಕರೆ ಬಿಟ್ಟೆ. ಮನೆಯಿಂದ ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ತರಿಸಿಕೊಂಡು ಏಳೂವರೆಗೆ ಅಂಗಡಿಯಲ್ಲೇ ಊಟ ಮುಗಿಸತೊಡಗಿದೆ. ಮಂಡಕ್ಕಿಯನ್ನು ಪೂರ್ತಿ ಬಿಡಲಾಗಲಿಲ್ಲ, ದಾವಣಗೆರೆಯಲ್ಲಿದ್ದು ಅದು ಸಾಧ್ಯವೂ ಇಲ್ಲ; ಭಾನುವಾರಕ್ಕೆ ಮೀಸಲಿಟ್ಟೆ. ಅಂಗಡಿ ಮುಚ್ಚಿದ ಮೇಲೆ ನಲವತ್ತು ನಿಮಿಷ ಬಿರುಸಿನ ನಡಿಗೆ, ವಾರಕ್ಕೆ ಮೂರು ದಿನ ಬಸ್ಕಿ ಮತ್ತು ದಂಡ. ಹೊಲಿಗೆ ಯಂತ್ರದ ಮುಂದೆ ಒಂದು ಗಂಟೆಗಿಂತ ಹೆಚ್ಚು ಕೂರದಂತೆ, ಕಟಿಂಗನ್ನು ದಿನದ ನಡುನಡುವೆ ಹಂಚಿಕೊಂಡೆ.

ಹನ್ನೊಂದು ತಿಂಗಳಲ್ಲಿ ತೂಕ 63 ಕಿಲೋಗೆ ಇಳಿಯಿತು, ಸುತ್ತಳತೆ 91 ಸೆಂಟಿಮೀಟರ್‌ಗೆ ಬಂತು. ಎಚ್‌ಬಿಎ1ಸಿ 5.6, ಟ್ರೈಗ್ಲಿಸರೈಡ್ 140. ಆಶ್ಚರ್ಯವೆಂದರೆ ತೂಕ ಒಂದೇ ಕಡೆ ನಿಂತಿದ್ದ ಐದನೆಯ ಮತ್ತು ಆರನೆಯ ತಿಂಗಳಲ್ಲೂ ಟೇಪು ಇಳಿಯುತ್ತಲೇ ಇತ್ತು. ತಕ್ಕಡಿಯನ್ನಷ್ಟೇ ನಂಬಿದ್ದರೆ ಆಗಲೇ ಕೈಬಿಡುತ್ತಿದ್ದೆನೇನೋ.

ಈಗ ಹೊಕ್ಕುಳ ಮಟ್ಟಕ್ಕೇ ನಿಲ್ಲುವ ಪ್ಯಾಂಟು ಹೊಲಿದುಕೊಂಡಿದ್ದೇನೆ. ಅದರ ಸೊಂಟ 36 ಇಂಚು, ಹಳೆಯ 34ಕ್ಕಿಂತ ಎರಡು ಇಂಚು ಹೆಚ್ಚು. ನೋಡಿದ ಹೆಂಡತಿ, "ಇಷ್ಟೆಲ್ಲ ಮಾಡಿ ದಪ್ಪ ಆದ್ರೇನ್ರೀ?" ಎಂದು ಕೇಳಿದಳು.