ಟ್ಯಾಬ್ ಬೀರುವಿನಿಂದ ಹೊರಗೆ ಬಂದ ಕಥೆ: ನನ್ನ ಅನುಭವ

ವಾರ್ಡ್‌ನ ದಾಖಲೆಗಳನ್ನು ಪೇಪರ್ ಬದಲು ಕಂಪ್ಯೂಟರ್, ಟ್ಯಾಬ್‌ನಲ್ಲಿ ಬರೆಸೋಣ ಎಂದಾಗ, "ನಿಮ್ಮ ಸಿಸ್ಟರ್‌ಗಳು ಇದನ್ನೆಲ್ಲ ಮುಟ್ಟಲ್ಲ ಮೇಡಂ, ಸುಮ್ನೆ ದುಡ್ಡು ದಂಡ" ಎಂದು ಅಕೌಂಟ್ಸ್‌ನವರು ಮೀಟಿಂಗ್‌ನಲ್ಲೇ ಹೇಳಿದ್ದರು. ಈಗ ನಮ್ಮ ಮೂರು ವಾರ್ಡ್‌ಗಳಲ್ಲಿ ಟಿಪಿಆರ್ ಚಾರ್ಟ್ (ಜ್ವರ, ನಾಡಿ, ಉಸಿರಾಟ ಬರೆಯುವ ಪಟ್ಟಿ) ಪೇಪರ್ ಮೇಲೆ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಸುಮಾರು 120 ಬೆಡ್‌ನ ಆಸ್ಪತ್ರೆ. ನಾನು ನರ್ಸಿಂಗ್ ಸೂಪರಿಂಟೆಂಡೆಂಟ್. ಮೊದಲು ಕಂಪ್ಯೂಟರ್ ಇಟ್ಟ ಟ್ರಾಲಿ ತರಿಸಿದೆವು. ನಾಲ್ಕು ಟ್ರಾಲಿ, ಒಂದೊಂದಕ್ಕೆ 40 ಸಾವಿರದ ಹತ್ತಿರ. ಚಕ್ರ ಹೊಸ್ತಿಲಿಗೆ ಸಿಕ್ಕಿಕೊಳ್ಳುತ್ತಿತ್ತು, ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ. ಅವುಗಳಲ್ಲಿ ಎರಡರ ಮೇಲೆ ಈಗ ಡ್ರೆಸ್ಸಿಂಗ್ ಟ್ರೇ ಓಡಾಡುತ್ತಿದೆ.

ಆಮೇಲೆ ಒಂಬತ್ತು ಟ್ಯಾಬ್, ತಲಾ 13-14 ಸಾವಿರ. ಎರಡನೇ ವಾರ ಒಬ್ಬ ನರ್ಸ್ ಹುಡುಗಿಯ ಕೈಯಿಂದ ಒಂದು ಬಿದ್ದು ಗ್ಲಾಸ್ ಒಡೆಯಿತು. ಹುಡುಗಿಯ ಸಂಬಳದಲ್ಲಿ 4 ಸಾವಿರ ಕಟ್. ಆ ಕಾಗದಕ್ಕೆ ಸಹಿ ಹಾಕಿದವಳು ನಾನೇ. ಮರುದಿನ ಎಲ್ಲ ಟ್ಯಾಬ್ ಬೀರು ಸೇರಿದವು, ಬೀಗದ ಕೈ ಇನ್‌ಚಾರ್ಜ್ ಸಿಸ್ಟರ್ ಸೊಂಟದಲ್ಲಿ. ಮೂರು ತಿಂಗಳು ಹೀಗೇ ಹೋಯಿತು.

ದಂಡ ತೆಗೆಸಿ, 300 ರೂಪಾಯಿಯ ರಬ್ಬರ್ ಕವರ್ ಹಾಕಿಸಿದೆ. ಬಳಕೆ ಶುರುವಾಯಿತು ಅಂತ ಖುಷಿಪಟ್ಟೆ. ಎಂಟ್ರಿ ಟೈಮ್ ನೋಡಿದರೆ, ಬೆಳಗಿನ ಶಿಫ್ಟ್‌ನ ಅಷ್ಟೂ ಪೇಷಂಟ್‌ಗಳ ಬಿಪಿ ಮಧ್ಯಾಹ್ನ 1:40ರಿಂದ 1:55ರೊಳಗೆ, ಶಿಫ್ಟ್ ಮುಗಿಯುವ ಹೊತ್ತಿಗೆ ಒಟ್ಟಿಗೇ ಬಿದ್ದಿತ್ತು! 28 ವರ್ಷ ಸರ್ವಿಸ್ ಆದ ಸಿಸ್ಟರ್ ಒಬ್ಬರನ್ನು ಕೇಳಿದೆ. ಅವರು ಅಂಗೈ ತೋರಿಸಿದರು. ಬೆಡ್ ನಂಬರ್, ಬಿಪಿ, ಎಲ್ಲ ಪೆನ್ನಲ್ಲಿ. "ಒಂದೇ ಬಿಪಿನ ಎಷ್ಟು ಸಲ ಬರೀಲಿ ಮೇಡಂ? ಕೈಮೇಲೆ ಒಂದ್ಸಲ, ಚಾರ್ಟಲ್ಲಿ ಒಂದ್ಸಲ, ರಿಪೋರ್ಟ್ ಬುಕ್ಕಲ್ಲಿ ಒಂದ್ಸಲ. ಈಗ ಇದ್ರಲ್ಲೂನಾ?"

ಆಡಿಟ್‌ಗೆ ಬೇಕು ಅಂತ ಪೇಪರನ್ನೂ ಇಟ್ಟುಕೊಂಡಿದ್ದೆವು ನೋಡಿ, ತಪ್ಪಾಗಿದ್ದು ಅಲ್ಲೇ.

ಟ್ಯಾಬ್‌ನಲ್ಲಿ ಚಾರ್ಟ್ ಬರೆಸುವುದನ್ನು ನಿಲ್ಲಿಸಿ, ಒಂದು ತಿಂಗಳು ಅದರಲ್ಲಿ ಫಾರ್ಮಸಿ ಇಂಡೆಂಟ್ (ಔಷಧಿ ಬೇಡಿಕೆ ಪಟ್ಟಿ) ಮಾತ್ರ ಹಾಕಿಸಿದೆ. ಇಂಡೆಂಟ್ ಬುಕ್ ಹಿಡಿದು ಎರಡು ಮಹಡಿ ಇಳಿಯುವುದು ತಪ್ಪಿತು. ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಆಮೇಲೆ ವೈಟಲ್ಸ್ (ಬಿಪಿ, ನಾಡಿ, ಜ್ವರದಂಥವು) ಫಾರಂನ 60 ಚಿಲ್ಲರೆ ಕಾಲಂಗಳನ್ನು 11ಕ್ಕೆ ಇಳಿಸಿದೆ. ಸಾಫ್ಟ್‌ವೇರ್‌ನವರು ಆಗಲ್ಲ ಅಂದಿದ್ದರು, ಆಯಿತು. ಫೀಮೇಲ್ ವಾರ್ಡ್‌ಗೆ ಪೇಪರ್ ಚಾರ್ಟ್ ಬೇಡವೆಂದು ಡೈರೆಕ್ಟರ್ ಹತ್ತಿರ ಬರವಣಿಗೆಯಲ್ಲೇ ಆರ್ಡರ್ ಮಾಡಿಸಿಕೊಂಡೆ. ಒಂದನೇ ತಾರೀಖು ಬೆಳಿಗ್ಗೆ ಅಲ್ಲಿನ ಖಾಲಿ ಚಾರ್ಟ್‌ಗಳನ್ನೆಲ್ಲ ನಾನೇ ಹೊತ್ತು ನನ್ನ ರೂಮಿಗೆ ತಂದಿಟ್ಟೆ. ಟ್ರೈನಿಂಗ್ ಕೊಟ್ಟಿದ್ದು ಅದೇ ಅಂಗೈ ತೋರಿಸಿದ ಸಿಸ್ಟರ್, ನೈಟ್ ಡ್ಯೂಟಿಯಲ್ಲಿ. ಅವರೇ ಒಪ್ಪಿದ ಮೇಲೆ ಉಳಿದವರು ಏನು ಹೇಳುತ್ತಾರೆ? ಆಮೇಲೆ ಇನ್ನೆರಡು ವಾರ್ಡ್‌ಗೂ ಇದು ಬಂತು. ಡಾಕ್ಟರ್‌ಗಳು ರೌಂಡ್ಸ್‌ನಲ್ಲಿ ಪೇಪರ್ ಕೇಳದಂತೆ ಮಾಡಿದ್ದು ಇನ್ನೊಂದು ಉಪಾಯ. ಅದನ್ನು ಬರೆಯಲ್ಲ, ನಮ್ಮ ಡಾಕ್ಟರ್‌ಗಳೂ ಇದನ್ನು ಓದುತ್ತಾರೆ.

ನಡುವೆ ಪೇಷಂಟ್ ಕೈಗೆ ಕಟ್ಟುವ ಬಾರ್‌ಕೋಡ್ ಪಟ್ಟಿಗೂ ಕೈ ಹಾಕಿದ್ದೆ. ಅಗ್ಗದ ಥರ್ಮಲ್ ಪ್ರಿಂಟ್, ಹ್ಯಾಂಡ್‌ರಬ್ (ಸ್ಯಾನಿಟೈಸರ್) ತಾಗಿದರೆ ಓದಲಿಕ್ಕೇ ಆಗುತ್ತಿರಲಿಲ್ಲ. ಹುಡುಗಿಯರು ಇನ್ನೊಂದು ಪ್ರತಿ ತೆಗೆದು ನರ್ಸಿಂಗ್ ಸ್ಟೇಷನ್ ಟೇಬಲ್‌ಗೆ ಅಂಟಿಸಿ, ಕೂತಲ್ಲೇ ಸ್ಕ್ಯಾನ್ ಮಾಡುತ್ತಿದ್ದರು. ಪೇಷಂಟ್ ಒಂದು ಕಡೆ, ಸ್ಕ್ಯಾನ್ ಇನ್ನೊಂದು ಕಡೆ. ಇಪ್ಪತ್ತು ದಿನಕ್ಕೆ ನಿಲ್ಲಿಸಿದೆ. ಕನ್ನಡದಲ್ಲಿ ಮಾತಾಡಿ ಟೈಪ್ ಮಾಡಿಸುವುದನ್ನೂ ನೋಡಿದೆ. ವಾರ್ಡ್ ಗಲಾಟೆಯಲ್ಲಿ "ಊಟ ಮಾಡಿಲ್ಲ" ಅಂದರೆ "ಊಟ ಮಾಡಿ" ಅಂತ ಬಂತು. ಡಯಾಬಿಟಿಸ್ ಪೇಷಂಟ್ ಅವರು! ಅವತ್ತೇ ಕೈಬಿಟ್ಟೆ.

ಒಟ್ಟು ಖರ್ಚು ನಾಲ್ಕು ಲಕ್ಷದ ಆಸುಪಾಸು, ಅದರಲ್ಲಿ ಟ್ರಾಲಿಯ ಒಂದೂವರೆ ಲಕ್ಷಕ್ಕೂ ಜಾಸ್ತಿ ನೀರಿಗೆ ಹೋಯಿತು. ಚಾರ್ಟ್ ಪ್ರಿಂಟಿಂಗ್ ಬಿಲ್ ತಿಂಗಳಿಗೆ 9 ಸಾವಿರ ಇದ್ದಿದ್ದು 3 ಸಾವಿರಕ್ಕೆ ಬಂದಿದೆ. ಶಿಫ್ಟ್ ಬದಲಾಗುವಾಗ 40 ನಿಮಿಷ ಎಳೆಯುತ್ತಿದ್ದ ಹ್ಯಾಂಡೋವರ್ ಈಗ ಅರ್ಧಕ್ಕರ್ಧ. ನೆಟ್‌ವರ್ಕ್ ಕೈಕೊಟ್ಟರೆ ಇರಲಿ ಅಂತ ಬೆಳಿಗ್ಗೆ, ಸಂಜೆ ವಾರ್ಡಿಗೊಂದು ಹಾಳೆ ಪ್ರಿಂಟ್ ತೆಗೆದಿಡುತ್ತೇವೆ.

ಐಸಿಯುನಲ್ಲಿ ಮಾತ್ರ ಇನ್ನೂ ಪೇಪರೇ. 24 ಗಂಟೆಯದೂ ಒಂದೇ ದೊಡ್ಡ ಹಾಳೆಯಲ್ಲಿ ಕಾಣುತ್ತದೆ, ಟ್ಯಾಬ್‌ನಲ್ಲಿ ಬೆರಳಿಂದ ಸರಿಸುತ್ತಾ ಹೋಗಬೇಕು. ಅಲ್ಲಿನ ಇನ್‌ಚಾರ್ಜ್ ಎರಡೂ ಕೈ ಅಗಲಿಸಿ, "ಇಷ್ಟಗಲದ ಟ್ಯಾಬ್ ಬಂದಾಗ ಹೇಳಿ ಮೇಡಂ" ಎನ್ನುತ್ತಾರೆ. ಸದ್ಯಕ್ಕೆ ಅವರ ಹಾಳೆಗೆ ನಾನೇ ಇಂಡೆಂಟ್ ಸೈನ್ ಮಾಡುತ್ತಿದ್ದೇನೆ.