ಹಾಕಿ ಮೈದಾನದಲ್ಲಿ ‘ಸ್ಯಾಂಡ್‌ಸ್ಟಾರ್ಮ್’: ಕೊಡಗಿನ ಡಿಜೆಯೊಬ್ಬನ ಅನುಭವ

ಕೊಡಗಿನ ಮದುವೆ, ಊರಹಬ್ಬ ಮತ್ತು ಹಾಕಿ ಪಂದ್ಯಗಳಿಗೆ ಧ್ವನಿವರ್ಧಕ ಒದಗಿಸಿ ಹಾಡು ಹಾಕುವುದು ನನ್ನ ಉದ್ಯೋಗ. ನನ್ನ ಲ್ಯಾಪ್‌ಟಾಪಿನಲ್ಲಿರುವ ಅಷ್ಟೂ ಹಾಡುಗಳಲ್ಲಿ ನಾನು ಅತ್ಯಂತ ಯೋಚಿಸಿ ಬಳಸುವುದು ಸಾಹಿತ್ಯವೇ ಇಲ್ಲದ ಒಂದು ಟ್ರ್ಯಾಕನ್ನು. ಫಿನ್ಲೆಂಡಿನ ಡರೂಡ್ 1999ರಲ್ಲಿ ಹೊರತಂದ ‘ಸ್ಯಾಂಡ್‌ಸ್ಟಾರ್ಮ್’ ಅದು. ಇಂದಿನ ಹುಡುಗರಲ್ಲಿ ಹೆಚ್ಚಿನವರು ಅದನ್ನು ಇಂಟರ್ನೆಟ್ಟಿನ ತಮಾಷೆಯೆಂದೇ ಬಲ್ಲರು. ಜನರನ್ನು ಕಾಯುವಂತೆ ಮಾಡುವ ಅದರ ಶಕ್ತಿ ನನಗೆ ಅರ್ಥವಾದದ್ದು ಮೈದಾನದ ಬದಿಯಲ್ಲಿ ನಿಂತು ಅದನ್ನು ಹಾಕಿದಾಗ.

ಡರೂಡ್ ಎಂಬುದು ವಿಲ್ಲೆ ವಿರ್ಟಾನೆನ್ ಅವರ ವೇದಿಕೆಯ ಹೆಸರು. ಮನೆಯ ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುತ್ತಿದ್ದ ಅವರು ತಮ್ಮ ಡೆಮೊವನ್ನು ಜೆಎಸ್16 ಎಂದು ಹೆಸರಾದ ನಿರ್ಮಾಪಕ ಯಾಕ್ಕೊ ಸಾಲೊವಾರ ಅವರ ಕೈಗಿತ್ತರು. ಇಬ್ಬರೂ ಸೇರಿ ತಿದ್ದಿ ತೀಡಿದ್ದರಿಂದ ಈ ಟ್ರ್ಯಾಕ್ ರೂಪುಗೊಂಡಿತು. ಅದರ ಗುರುತೇ ಆಗಿರುವ ಮೊನಚು ಧ್ವನಿ ರೋಲ್ಯಾಂಡ್ ಜೆಪಿ-8080 ಸಿಂಥಸೈಜರಿನದು. 2000ದಲ್ಲಿ ಅದು ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿತು. ಕ್ಲಬ್ಬುಗಳಲ್ಲಿ ಅದರ ಕಾಲ ಮುಗಿದ ಮೇಲೂ ಐಸ್ ಹಾಕಿಯ ಅಂಗಣಗಳು ಅದನ್ನು ಬಿಡಲಿಲ್ಲ. ಅಮೆರಿಕದ ಸೌತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳಲ್ಲಿ ಪ್ರೇಕ್ಷಕರು ಬಿಳಿ ಟವೆಲ್ ಬೀಸುತ್ತ ಅದಕ್ಕೆ ಕುಣಿಯುವುದು ವಾಡಿಕೆಯೇ ಆಗಿದೆ. ಮುಂದೆ, ವಿಡಿಯೊ ಗೇಮ್ ನೇರಪ್ರಸಾರಗಳಲ್ಲಿ ಯಾರಾದರೂ ‘ಇದು ಯಾವ ಹಾಡು’ ಎಂದು ಕೇಳಿದರೆ, ಕೇಳಿಬರುತ್ತಿರುವ ಹಾಡು ಯಾವುದೇ ಇರಲಿ, ಇದರ ಹೆಸರನ್ನೇ ಹೇಳುವ ಆಟ ಹಬ್ಬಿತು. 2015ರ ಏಪ್ರಿಲ್ 1ರಂದು ಯೂಟ್ಯೂಬ್ ಕೂಡ ಆ ಆಟಕ್ಕೆ ಸೇರಿಕೊಂಡಿತು. ತಮಾಷೆಯ ವಸ್ತುವಾಗಿ ಹತ್ತಾರು ವರ್ಷ ಬಾಳಬೇಕಾದರೂ ಹಾಡಿಗೆ ಕಸುವು ಬೇಕೆಂದು ನಾನು ನಂಬಿದ್ದೇನೆ.

ಆ ಕಸುವು ಎಲ್ಲಿದೆ ಎಂದು ತಿಳಿಯಲು ನಾನು ಅದನ್ನು ಬಿಡಿಬಿಡಿಯಾಗಿ ಕೇಳಿದೆ. ಅದರ ವೇಗ ನಿಮಿಷಕ್ಕೆ 136 ಪೆಟ್ಟು. ಪ್ರತಿ ಪೆಟ್ಟೂ ನಾಲ್ಕಾಗಿ ಒಡೆಯುವ ಚತುರಶ್ರ ನಡೆಯದು. ಪ್ರಧಾನ ಸ್ವರಪಂಕ್ತಿಯಲ್ಲಿ ರಾಗದ ವಿಸ್ತಾರವೆಂಬುದು ಇಲ್ಲವೇ ಇಲ್ಲ ಎನ್ನಬಹುದು: ಒಂದೇ ಸ್ವರ ಪಟಪಟನೆ ಐದು ಸಲ, ಬೆನ್ನಿಗೇ ಏಳು ಸಲ ಮೊಳಗುತ್ತದೆ, ಆಮೇಲೆ ಸ್ವರ ಮೇಲಕ್ಕೇರಿ, ತುಸು ಇಳಿದು, ಇನ್ನಷ್ಟು ಇಳಿದು ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ. ಒಮ್ಮೆ ಕೇಳಿದವರು ಬಾಯಲ್ಲೇ ಅದನ್ನು ನುಡಿಸಬಲ್ಲರು. ಕೊಡವ ತಕ್ಕ್, ಕನ್ನಡ, ಅರೆಭಾಷೆ, ತುಳು, ಮಲಯಾಳಂ ಎಲ್ಲವೂ ಒಂದೇ ಗ್ಯಾಲರಿಯಲ್ಲಿ ಕೇಳಿಬರುವ ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಅನುಕೂಲವಲ್ಲ.

1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಈಗ ಎಷ್ಟು ಬೆಳೆದಿದೆಯೆಂದರೆ, 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ತಂಡಗಳು ಸೇರಿದ್ದವು. ಒಂದೇ ಒಕ್ಕದ, ಅಂದರೆ ಮನೆತನದ, ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವ ಹಬ್ಬವದು. ಅದರ ನೆರಳಿನಲ್ಲಿ ಬೇಸಿಗೆಯುದ್ದಕ್ಕೂ ಊರೂರಿನಲ್ಲಿ ನಡೆಯುವ ಸಣ್ಣ ಪಂದ್ಯಾವಳಿಗಳೇ ನನ್ನ ಕೆಲಸದ ಜಾಗ. ಅಲ್ಲಿ ಕಂಬಕ್ಕೆ ಕಟ್ಟಿದ ಹಾರ್ನ್ ಸ್ಪೀಕರುಗಳೇ ಗತಿ. ಹಾರ್ನಿನಿಂದ ಆಳದ ಬೇಸ್ ಹೊರಡುವುದಿಲ್ಲ, ಗೋಡೆಗಳಿಲ್ಲದ ಬಯಲಿನಲ್ಲಿ ಹೊರಟ ಬೇಸೂ ನಿಲ್ಲುವುದಿಲ್ಲ. ಆದ್ದರಿಂದ ಬೇಸನ್ನೇ ನೆಚ್ಚಿಕೊಂಡ ಈಚಿನ ಹಲವು ನೃತ್ಯಗೀತೆಗಳು ಅಲ್ಲಿ ಜೀವವಿಲ್ಲದ ಟಿಕ್ ಟಿಕ್ ಸದ್ದಾಗಿ ಉಳಿಯುತ್ತವೆ. ‘ಸ್ಯಾಂಡ್‌ಸ್ಟಾರ್ಮ್’ ಹಾಗಲ್ಲ. ಅದರ ಪ್ರಾಣವಿರುವುದು ಮಧ್ಯ ಮತ್ತು ಮೇಲಿನ ಧ್ವನಿಗಳಲ್ಲಿ, ಅಂದರೆ ಹಾರ್ನ್ ಚೆನ್ನಾಗಿ ಸಾಗಿಸಬಲ್ಲ ಭಾಗದಲ್ಲಿ. ಮಿಕ್ಸರಿನಲ್ಲಿ ನಾನು ಕೆಳಧ್ವನಿಯನ್ನು ಪೂರ್ತಿ ಕತ್ತರಿಸಿ, ಕಿವಿಗೆ ಚುಚ್ಚುವ ತುತ್ತತುದಿಯನ್ನು ಮಾತ್ರ ತುಸು ತಗ್ಗಿಸುತ್ತೇನೆ. ಆಗ ಎದುರು ಬದಿಯ ಕಾಫಿ ತೋಟದ ಅಂಚಿನಲ್ಲಿ ನಿಂತವರಿಗೂ ಸ್ವರಪಂಕ್ತಿ ಸ್ಪಷ್ಟವಾಗಿ ಮುಟ್ಟುತ್ತದೆ.

ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹಾಕುವುದು ಮೈದಾನದಲ್ಲಿ ನಡೆಯದು. ವಿರಾಮ ಯಾವಾಗ ಮುಗಿಯುವುದೆಂದು ಅಂಪೈರುಗಳ ನಡಿಗೆಯನ್ನು ನೋಡಿಯೇ ಅಂದಾಜಿಸಬೇಕು. ಹಾಗಾಗಿ ನಾನು ಸ್ವರಪಂಕ್ತಿ ಸಿಡಿಯುವ ಕ್ಷಣಕ್ಕೆ ಒಂದು ಗುರುತು, ಅದಕ್ಕೆ ಮೂವತ್ತೆರಡು ಪೆಟ್ಟು ಹಿಂದೆ ಇನ್ನೊಂದು, ಅರುವತ್ತನಾಲ್ಕು ಪೆಟ್ಟು ಹಿಂದೆ ಮತ್ತೊಂದು ಗುರುತು ಇಟ್ಟುಕೊಂಡಿದ್ದೇನೆ. 136ರ ವೇಗದಲ್ಲಿ ಇವು ಸುಮಾರು 14 ಮತ್ತು 28 ಸೆಕೆಂಡುಗಳಾಗುತ್ತವೆ. ಆಟಗಾರರು ನೀರು ಕುಡಿದು ಒಳಗೆ ಹೆಜ್ಜೆಯಿಡುವಾಗ 28ರ ಗುರುತಿನಿಂದ ಆರಂಭಿಸಿದರೆ, ಎಲ್ಲರೂ ತಮ್ಮ ಜಾಗಗಳಲ್ಲಿ ನಿಂತ ಹೊತ್ತಿಗೆ ಸಂಗೀತವೂ ಏರಿ ನಿಂತಿರುತ್ತದೆ, ಗ್ಯಾಲರಿಯ ಚಪ್ಪಾಳೆ ತಾನಾಗಿಯೇ ಪೆಟ್ಟಿಗೆ ಕೂಡಿಕೊಂಡಿರುತ್ತದೆ. ಏರಿಕೆಯಿಲ್ಲದೆ ನೇರವಾಗಿ ಸ್ವರಪಂಕ್ತಿಯನ್ನೇ ಹಾಕಿದರೆ ಜನ ನಕ್ಕು ಸುಮ್ಮನಾಗುತ್ತಾರೆ. ಕಾಯಿಸಿದಷ್ಟೂ ಅದಕ್ಕೆ ಬಲ.

ಮದುವೆಮನೆಯ ಲೆಕ್ಕ ಬೇರೆ. ಕೊಡವ ಮದುವೆಯಲ್ಲಿ ಕುಣಿತಕ್ಕೆ ವಾಲಗವೇ ಯಜಮಾನ; ನೀರಿನ ಬಿಂದಿಗೆ ಹೊತ್ತ ಮದುಮಗಳ ದಾರಿಗೆ ಅಡ್ಡಲಾಗಿ ನೆಂಟರು ಗಂಟೆಗಟ್ಟಲೆ ಕುಣಿಯುವುದು ಅದಕ್ಕೇ. ವಾಲಗದ ಪ್ರತಿ ಪೆಟ್ಟು ಮೂರಾಗಿ ಒಡೆದು ತೂಗುತ್ತದೆ, ತಿಶ್ರ ನಡೆಯಂತೆ. ನಾಲ್ಕಾಗಿ ಒಡೆಯುವ ಸ್ವರಪಂಕ್ತಿಯನ್ನು ಅದರ ಮೇಲೆ ಹೇರಿದರೆ ಎರಡೂ ಕೆಡುತ್ತವೆ, ಕಾಲುಗಳು ಗೊಂದಲಕ್ಕೆ ಬೀಳುತ್ತವೆ. ಡೋಲು ಬಾರಿಸುವ ಹಿರಿಯರೊಬ್ಬರು ತಮ್ಮ ಕೈಯ ಮುಖ್ಯ ಪೆಟ್ಟನ್ನು ಮಾತ್ರ ಕೇಳಿಸಿಕೊಳ್ಳುವಂತೆ ನನಗೆ ಹೇಳಿದರು, ನನಗೆ ದಾರಿ ಸಿಕ್ಕಿದ್ದು ಅಲ್ಲಿಂದಲೇ. ಎರಡಕ್ಕೂ ಸಮಾನವಾಗಿರುವುದು ಆ ಒಂದು ಪೆಟ್ಟು. ವಾಲಗದ ತಂಡ ನಿಲ್ಲಿಸುವ ಮುಂಚೆ ಅವರದೇ ವೇಗಕ್ಕೆ ಹೊಂದಿಸಿದ ಬರಿಯ ಕಿಕ್ ಡ್ರಮ್ಮನ್ನು, ಅಂದರೆ ಡ್ರಮ್ಮಿನ ದಪ್ಪ ಪೆಟ್ಟನ್ನು, ಸಣ್ಣಗೆ ಸೇರಿಸುತ್ತೇನೆ, ಹೈಹ್ಯಾಟ್ ಎಂಬ ತಾಳದ ಸದ್ದಿಲ್ಲ, ಸ್ವರವಿಲ್ಲ. ಅವರು ನಿಲ್ಲಿಸಿದ ಮೇಲೆ ಆ ಕಿಕ್ಕನ್ನೇ ನಿಧಾನವಾಗಿ 136ಕ್ಕೆ ತಂದು, ಆಮೇಲೆ ಟ್ರ್ಯಾಕಿನ ಏರಿಕೆಯನ್ನು ತೆರೆಯುತ್ತೇನೆ. ಅವರ ಒಪ್ಪಿಗೆಯಿಲ್ಲದೆ ಹೀಗೆ ಮಾಡುವುದಿಲ್ಲ. ವಾಲಗ ನುಡಿಯುತ್ತಿರುವಾಗ ನನ್ನ ಸ್ಪೀಕರ್ ಅದಕ್ಕಿಂತ ಮೇಲೇಳಕೂಡದು. ಇಷ್ಟಾದರೂ ಈ ಟ್ರ್ಯಾಕಿನ ನಿಜವಾದ ಮನೆ ಮದುವೆಯ ಹಾಲ್ ಅಲ್ಲ, ಮೈದಾನವೇ ಎಂಬುದು ನನ್ನ ತೀರ್ಮಾನ. ಕುಣಿಯುವವರಿಗೆ ತೂಗಾಟ ಬೇಕು, ಅದು ಇದರಲ್ಲಿಲ್ಲ. ಕಾಯುವವರಿಗೆ ಬೇಕಾದದ್ದು ಇದರಲ್ಲಿ ಧಾರಾಳವಾಗಿದೆ.

ಹೊಸಬರು ಕೇಳಿದರೆ ನಾನು ಹೇಳುವುದಿಷ್ಟು: ಒಂದು ಪಂದ್ಯದಲ್ಲಿ ಇದನ್ನು ಒಂದೇ ಸಲ ಹಾಕಿ, ಅದೂ ಕೊನೆಯ ವಿರಾಮದ ನಂತರ. ಗೋಲಿಗೆ ಹಾಕಬೇಡಿ, ಗೋಲು ಬಿದ್ದಾಗ ಜನರ ಕೂಗಿಗಿಂತ ದೊಡ್ಡ ಸಂಗೀತವಿಲ್ಲ. ಪಂದ್ಯ ಪೆನಾಲ್ಟಿ ಶೂಟೌಟಿಗೆ ಹೋದರೆ, ತಂಡಗಳು ಸಾಲು ನಿಲ್ಲುವವರೆಗೆ ಅದರ ಏರಿಕೆಯ ಭಾಗವನ್ನು ಮೆಲುವಾಗಿ ನಡೆಸಬಹುದು. ಮೊದಲ ಆಟಗಾರ ಚೆಂಡಿನ ಬಳಿ ಬರುವಷ್ಟರಲ್ಲಿ ಸದ್ದು ಏರಿಸಿ ಇಳಿಸುವ ಫೇಡರ್ ಪೂರ್ತಿ ಕೆಳಗಿರಬೇಕು, ಮತ್ತು ಗೆಲುವು ಯಾರದೆಂದು ಅಂಪೈರ್ ತೋರಿಸುವ ತನಕ ಅದನ್ನು ಮುಟ್ಟಬಾರದು.